ನಲವತ್ತೊಂದು ಮನೆ, ಒಂದು ಬಿಳಿ ಮಾತ್ರೆ

ನಮಸ್ಕಾರ ಕೇಳುಗರೇ.

ನಾನು ಮೂವತ್ತು ವರ್ಷಕ್ಕೂ ಜಾಸ್ತಿ ನರ್ಸ್ ಆಗಿದ್ದವಳು. ಅದರಲ್ಲಿ ಹತ್ತಿರ ಹತ್ತಿರ ಹನ್ನೊಂದು ವರ್ಷ ಕ್ಷಯದ ವಾರ್ಡಿನಲ್ಲಿ ಕಳೆದೆ. ಆಗ ನಾವು ಬಾಡಿಗೆಗಿದ್ದ ಮನೆಯ ಓನರಮ್ಮ ತುಂಬ ಒಳ್ಳೆಯವರು. ಹಬ್ಬ ಬಂದರೆ ಒಬ್ಬಟ್ಟು ಕಳಿಸುತ್ತಿದ್ದರು. ನೈಟ್ ಡ್ಯೂಟಿ ಮುಗಿಸಿ ಬಂದರೆ ಕರೆದು ಕಾಫಿ ಕೊಡುತ್ತಿದ್ದರು. ಆದರೆ ನನ್ನ ಕಾಫಿಗೆ ಒಂದು ಲೋಟ ಬೇರೆ ಇತ್ತು. ಅಂಚಿನ ಹತ್ತಿರ ಸ್ವಲ್ಪ ನೆಗ್ಗಿದ ಸ್ಟೀಲ್ ಲೋಟ. ಅದನ್ನು ಅಡುಗೆಮನೆಯೊಳಗೆ ಒಯ್ಯುತ್ತಿರಲಿಲ್ಲ, ಹಿತ್ತಲ ನಲ್ಲಿಯಲ್ಲೇ ತೊಳೆದು ಕಿಟಕಿಯ ಮೇಲೆ ಬೋರಲು ಹಾಕುತ್ತಿದ್ದರು. ನನಗೆ ಗೊತ್ತಾಗಿದೆ ಅಂತ ಅವರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ, ಅಷ್ಟೇ. ಕ್ಷಯ ಲೋಟದಿಂದ ಹರಡುವುದಿಲ್ಲ, ರೋಗಿಯ ಕೆಮ್ಮಿನಿಂದ ಗಾಳಿಯಲ್ಲಿ ಹರಡುತ್ತದೆ ಅಂತ ದಿನಾ ಊರಿಗೆಲ್ಲ ಹೇಳುತ್ತಿದ್ದ ನಾನು, ಅವರಿಗೆ ಮಾತ್ರ ಹೇಳಲಿಲ್ಲ. ಆ ಬಿಸಿ ಕಾಫಿ ನಿಂತುಹೋದರೆ ಅನ್ನೋ ಭಯವೂ ಇತ್ತೇನೋ.

ಆ ಲೋಟ ಈಚೆಗೆ ಮತ್ತೆ ನೆನಪಾಯಿತು. ನಮ್ಮ ವಾರ್ಡಿನಲ್ಲಿ ಬೆಳಗ್ಗೆ ಹಂಚುತ್ತಿದ್ದ ಮಾತ್ರೆಗಳಲ್ಲಿ ಒಂದು ಪುಟ್ಟ ಬಿಳಿ ಮಾತ್ರೆ ಇತ್ತು. ಐಸೋನಿಯಾಜಿಡ್. ನಾವು ಐಎನ್‌ಎಚ್ ಅಂತಿದ್ವಿ. ಸಾವಿರಾರು ಜನರ ಬಾಯಿಗೆ ನನ್ನ ಕೈಯಾರೆ ಹಾಕಿದ್ದೀನಿ. ಅದು ಮೊದಲು ಯಾರ ಕೈಯಿಂದ ಯಾರ ಬಾಯಿಗೆ ಹೋಯಿತು ಅಂತ ನಾನು ಒಂದು ದಿನವೂ ಯೋಚಿಸಿದವಳಲ್ಲ. ನಿವೃತ್ತಿ ಆದ ಮೇಲೆ, ಪುರಸೊತ್ತಿನಲ್ಲಿ ಓದುತ್ತಾ ಹೋದಾಗ ಗೊತ್ತಾಯಿತು. ಅದರ ಹಿಂದೆ ಹುಟ್ಟೂರು ಬಿಟ್ಟು ನ್ಯೂಯಾರ್ಕಿಗೆ ಬಂದ ಕಪ್ಪು ನರ್ಸ್‌ಗಳ ಒಂದು ದೊಡ್ಡ ಸಾಲೇ ಇದೆ. ಇವತ್ತು ಅವರ ವಿಷಯ ಮಾತಾಡ್ತೀನಿ.

1900ನೇ ಇಸವಿ. ನ್ಯೂಯಾರ್ಕ್ ನಗರ. ವಠಾರ ಅಂದರೆ ನಮಗೆ ಗೊತ್ತಲ್ವಾ, ಅಂಥವೇ ವಠಾರಗಳು, ಆದರೆ ಐದು ಆರು ಅಂತಸ್ತು ಎತ್ತರದವು. ಒಳಕೋಣೆಗಳಿಗೆ ಕಿಟಕಿ ಇಲ್ಲ. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಕ್ಷಯಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ರಾಬರ್ಟ್ ಕಾಕ್ ಅದರ ಕ್ರಿಮಿ ಕಂಡುಹಿಡಿದು ಆಗಲೇ 18 ವರ್ಷ ಆಗಿತ್ತು, ಔಷಧ ಮಾತ್ರ ಇರಲಿಲ್ಲ. ಬಿಳಿಯರಿಗಿಂತ ಕಪ್ಪು ಜನ ಎಷ್ಟೋ ಜಾಸ್ತಿ ಸಾಯುತ್ತಿದ್ದರು. ಅವರ ಮೈಯ ಗುಣವೇ ಹಾಗೆ ಅಂತ ಹೇಳುವ ಡಾಕ್ಟರ್‌ಗಳೂ ಇದ್ದರು. ಗಾಳಿ ಇಲ್ಲದ ಕೋಣೆಯ ಮೇಲೆ ತಪ್ಪು ಹಾಕುವುದಕ್ಕಿಂತ ಅದು ಸುಲಭ.

ಜೆಸ್ಸಿ ಸ್ಲೀಟ್ ಅನ್ನೋ ಹೆಣ್ಣುಮಗಳು ಆ ಊರಿನಲ್ಲಿ ಕೆಲಸ ಹುಡುಕುತ್ತಿದ್ದರು. ಕೆನಡಾದವರು, ಒಂಟಾರಿಯೊದ ಸ್ಟ್ರಾಟ್‌ಫರ್ಡ್‌ನಲ್ಲಿ ಹುಟ್ಟಿದವರು. ಗಡಿ ದಾಟಿ ಬಂದು ಷಿಕಾಗೋದ ಪ್ರಾವಿಡೆಂಟ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು 1895ರಲ್ಲಿ ಪಾಸಾಗಿದ್ದರು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸ್ ಆಗಬೇಕು ಅನ್ನೋದು ಅವರ ಆಸೆ. ಕೇಳಿದ ಕಡೆಯೆಲ್ಲ ಇಲ್ಲ ಅಂದರು. ಕಪ್ಪು ನರ್ಸ್‌ಗೆ ಆ ಕೆಲಸ ಯಾರೂ ಕೊಟ್ಟಿರಲಿಲ್ಲ. ಕೊನೆಗೆ ಚಾರಿಟಿ ಆರ್ಗನೈಸೇಷನ್ ಸೊಸೈಟಿ ಅನ್ನೋ ಸಂಸ್ಥೆ ಎರಡು ತಿಂಗಳ ಮಟ್ಟಿಗೆ ತಗೊಂಡಿತು. ಕಪ್ಪು ಜನ ಕ್ಷಯಕ್ಕೆ ಚಿಕಿತ್ಸೆ ಪಡೆಯಲು ಮುಂದೆ ಬರುತ್ತಿರಲಿಲ್ಲ, ಅವರನ್ನು ಒಪ್ಪಿಸಬೇಕಿತ್ತು. ಒಪ್ಪಿಸಲು ಅವರವರೇ ಒಬ್ಬರು ಬೇಕಿತ್ತು.

ಆ ಎರಡು ತಿಂಗಳು, ಅಕ್ಟೋಬರ್ ಮತ್ತು ನವೆಂಬರ್, ಏನೇನು ಮಾಡಿದೆ ಅಂತ ಜೆಸ್ಸಿ ಒಂದು ವರದಿ ಬರೆದುಕೊಟ್ಟರು. ಕಾಯಿಲೆ ಬಿದ್ದ 41 ಮನೆಗಳು, 156 ಭೇಟಿ. ಕ್ಷಯ 9. ಹೊಟ್ಟೆಯೊಳಗಿನ ಪೊರೆಯ ಉರಿಯೂತ 4. ನ್ಯುಮೋನಿಯಾ 2, ಸೀತಾಳೆ 2, ಕ್ಯಾನ್ಸರ್ 2, ಗಂಟಲಮಾರಿ 1. ಹೀಗೆ ಪಟ್ಟಿ ಹೋಗುತ್ತದೆ. ಸ್ನಾನ ಮಾಡಿಸಿದೆ, ಪಟ್ಟು ಹಾಕಿದೆ, ಗಾಯಕ್ಕೆ ಕಟ್ಟು ಕಟ್ಟಿದೆ, ಹುಟ್ಟಿದ ಮಕ್ಕಳಿಗೆ ಮೈ ತೊಳೆದು ಬಟ್ಟೆ ತೊಡಿಸಿದೆ, ಬಾಣಂತಿಯರನ್ನು ನೋಡಿಕೊಂಡೆ ಅಂತ ಬರೆದಿದ್ದಾರೆ.

ಈ ಲೆಕ್ಕ ಬೇರೆಯವರಿಗೆ ಸುಮ್ನೆ ಒಂದು ಲೆಕ್ಕ. ನರ್ಸ್ ಆದವಳು ಓದುವ ರೀತಿ ಬೇರೆ. 156ನ್ನು 41ರಿಂದ ಭಾಗಿಸಿ ನೋಡಿ. ಒಂದೊಂದು ಮನೆಗೆ ಹೆಚ್ಚುಕಡಿಮೆ ನಾಲ್ಕು ಸಲ ಹೋಗಿದ್ದಾರೆ. ಮೊದಲ ಸಲ ಹೋದಾಗ ಬಾಗಿಲು ಪೂರ್ತಿ ತೆಗೆಯೋದಿಲ್ಲ. ಎರಡನೇ ಸಲ ಒಳಗೆ ಕೂರಿಸುತ್ತಾರೆ, ಆದರೆ ಕೆಮ್ಮೋ ಮುದುಕನನ್ನು ಹಿಂದಿನ ಕೋಣೆಗೆ ಕಳಿಸಿರುತ್ತಾರೆ. ಮೂರನೇ ಸಲಕ್ಕೆ ಅವನನ್ನು ತೋರಿಸುತ್ತಾರೆ. ನನ್ನ ಅನುಭವ ಇದು. ಜೆಸ್ಸಿಯದು ಬೇರೆ ಇದ್ದಿರಲಾರದು. ಅದೂ ಲಿಫ್ಟ್ ಇಲ್ಲದ ಕಾಲ.

ಅಮೆರಿಕದ ನರ್ಸಿಂಗ್ ಪತ್ರಿಕೆಯೊಂದು 1901ರಲ್ಲಿ ಈ ವರದಿಯನ್ನು ಅಚ್ಚು ಹಾಕಿತು. ಕೊಟ್ಟ ತಲೆಬರಹ ಏನು ಗೊತ್ತಾ? ಒಂದು ಯಶಸ್ವಿ ಪ್ರಯೋಗ. ಏನು ಪ್ರಯೋಗ? ಹೊಸ ಔಷಧವೂ ಅಲ್ಲ, ಹೊಸ ಉಪಕರಣವೂ ಅಲ್ಲ. ಒಬ್ಬ ಕಪ್ಪು ಹೆಣ್ಣುಮಗಳು ಕಲಿತ ಕೆಲಸವನ್ನು ಮಾಡಬಲ್ಲಳು ಅನ್ನೋದೇ ಪ್ರಯೋಗ! ಎರಡು ತಿಂಗಳ ಕೆಲಸ ಒಂಬತ್ತು ವರ್ಷ ನಡೆಯಿತು. ಅಮೆರಿಕದ ಮೊದಲ ಕಪ್ಪು ಸಾರ್ವಜನಿಕ ಆರೋಗ್ಯ ನರ್ಸ್ ಅಂತ ಇವತ್ತು ಅವರನ್ನು ಗುರುತಿಸುತ್ತಾರೆ.

ಜೆಸ್ಸಿ ವಠಾರಗಳ ಮೆಟ್ಟಿಲು ಹತ್ತುತ್ತಿದ್ದ ಆ ದಿನಗಳಲ್ಲೇ, 1903ರಲ್ಲಿ, ಕೆರಿಬಿಯನ್ ಸಮುದ್ರದ ಬಾರ್ಬಡೋಸ್ ದ್ವೀಪದಿಂದ ಒಬ್ಬ ಹುಡುಗಿ ತಾಯಿಯ ಜೊತೆ ನ್ಯೂಯಾರ್ಕಿಗೆ ಬಂದಳು. ಹದಿಮೂರು ವರ್ಷ. ಹೆಸರು ಮೇಬಲ್. ಮದುವೆಯಾದ ಮೇಲೆ ಮೇಬಲ್ ಸ್ಟಾಪರ್ಸ್ ಅಂತ ಹೆಸರಾದರು. ವಾಷಿಂಗ್ಟನ್ನಿನ ಫ್ರೀಡ್‌ಮನ್ಸ್ ಆಸ್ಪತ್ರೆಯಲ್ಲಿ 1917ರಲ್ಲಿ ನರ್ಸಿಂಗ್ ಮುಗಿಸಿದರು. ನ್ಯೂಯಾರ್ಕಿಗೆ ವಾಪಸು ಬಂದು ನೋಡಿದರೆ, ಹಾರ್ಲೆಮ್ ಬಡಾವಣೆಯ ಕ್ಷಯ ರೋಗಿಗಳಿಗೆ ಮಲಗಲು ಮಂಚ ಇಲ್ಲ, ಕಪ್ಪು ಡಾಕ್ಟರ್‌ಗಳಿಗೆ ತಮ್ಮ ರೋಗಿಗಳನ್ನು ಸೇರಿಸಲು ಆಸ್ಪತ್ರೆ ಇಲ್ಲ. 1920ರಲ್ಲಿ ಇಬ್ಬರು ಕಪ್ಪು ಡಾಕ್ಟರ್‌ಗಳ ಜೊತೆ ಸೇರಿ ಅಲ್ಲೇ ಒಂದು ಸ್ಯಾನಟೋರಿಯಂ, ಅಂದರೆ ಕ್ಷಯದ ಆಸ್ಪತ್ರೆ, ಶುರುಮಾಡಿದರು. ಆಮೇಲೆ ಹಾರ್ಲೆಮ್‌ನಲ್ಲಿ ಯಾವ ಆಸ್ಪತ್ರೆ ಯಾರನ್ನು ಸೇರಿಸಿಕೊಳ್ಳುತ್ತೆ, ಯಾರನ್ನು ವಾಪಸು ಕಳಿಸುತ್ತೆ ಅಂತ ಸರ್ವೆ ಮಾಡಿದರು. ಅದರ ಮೇಲೆ ಒಂದು ಕ್ಷಯ ಸಮಿತಿಯೇ ಹುಟ್ಟಿತು. ಅದರ ಕಾರ್ಯದರ್ಶಿಯಾಗಿ ಹನ್ನೆರಡು ವರ್ಷ ದುಡಿದರು.

ಮೇಬಲ್ ಎತ್ತರದಲ್ಲಿ ಕುಳ್ಳು, ಮಾತಿನಲ್ಲಿ ಚುರುಕು. ಎರಡನೇ ಮಹಾಯುದ್ಧದ ಹೊತ್ತಿಗೆ ಕಪ್ಪು ನರ್ಸ್‌ಗಳ ರಾಷ್ಟ್ರೀಯ ಸಂಘವನ್ನು ನಡೆಸುತ್ತಿದ್ದವರು ಅವರೇ. ಸೈನ್ಯ 1941ರಲ್ಲಿ ಇಡೀ ದೇಶಕ್ಕೆ 56 ಕಪ್ಪು ನರ್ಸ್‌ಗಳನ್ನು ಮಾತ್ರ ತಗೊಂಡಿತ್ತು. ಆಮೇಲೆ ಸೇರಿದ ಎಷ್ಟೋ ಮಂದಿಯನ್ನು ಸೆರೆಸಿಕ್ಕ ಜರ್ಮನ್ ಸೈನಿಕರ ಆರೈಕೆಗೆ ಹಾಕಿದ್ದರು. ಶತ್ರುವಿನ ಗಾಯ ತೊಳೆಯಬಹುದು, ನಮ್ಮವರದನ್ನು ಮುಟ್ಟಬಾರದು, ಹಾಗಿತ್ತು ನ್ಯಾಯ. 1945ರ ಜನವರಿಯಲ್ಲಿ ಸೈನ್ಯದ ಸರ್ಜನ್ ಜನರಲ್, ಅಂದರೆ ಅಲ್ಲಿನ ವೈದ್ಯ ವಿಭಾಗದ ಮುಖ್ಯಸ್ಥರು, ಒಂದು ಸಭೆಯಲ್ಲಿ ನರ್ಸ್‌ಗಳು ಸಾಲುತ್ತಿಲ್ಲ, ಕಡ್ಡಾಯವಾಗಿ ಸೇರಿಸಿಕೊಳ್ಳಬೇಕಾಗುತ್ತೆ ಅಂದರು. ಮೇಬಲ್ ಎದ್ದು ನಿಂತರು. ಅಷ್ಟೊಂದು ಕೊರತೆ ಇದ್ದರೆ ಕಪ್ಪು ನರ್ಸ್‌ಗಳನ್ನು ಯಾಕೆ ತಗೊಳ್ಳುತ್ತಿಲ್ಲ ಅಂತ ಎಲ್ಲರ ಎದುರಿಗೇ ಕೇಳಿದರು. ಸಭೆಯಲ್ಲಿದ್ದವರಿಗೆ ಹೇಳಲು ಉತ್ತರ ಇರಲಿಲ್ಲ. ಅದೇ ತಿಂಗಳು, ಇಷ್ಟೇ ಕಪ್ಪು ನರ್ಸ್‌ಗಳು ಅಂತ ಸೈನ್ಯ ಹಾಕಿದ್ದ ಮಿತಿ ಹೋಯಿತು.

ಸೈನ್ಯದ ಕಥೆ ಅಲ್ಲಿಗೆ ಬಿಡೋಣ. ನನ್ನ ಮನಸ್ಸು ಇರೋದು ವಾರ್ಡಿನಲ್ಲಿ.

ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನಲ್ಲಿ ಒಂದು ಗುಡ್ಡ. ಅದರ ಮೇಲೆ 1913ರಲ್ಲಿ ಸೀ ವ್ಯೂ ಆಸ್ಪತ್ರೆ ಶುರುವಾಯಿತು, ಕ್ಷಯಕ್ಕೆಂದೇ ಕಟ್ಟಿದ್ದು. ಮೈಸೂರಿನ ಪಿಕೆ ಸ್ಯಾನಟೋರಿಯಂ ನೋಡಿದವರಿಗೆ ಇದರ ಕಲ್ಪನೆ ಬರುತ್ತೆ. ಊರಿನಿಂದ ಆಚೆ, ಮರಗಳ ನಡುವೆ, ಗಾಳಿ ಬೆಳಕು ಧಾರಾಳ ಬರುವ ಉದ್ದುದ್ದ ವಾರ್ಡುಗಳು. ಸೀ ವ್ಯೂ ಕಟ್ಟಡಗಳ ನೆತ್ತಿಯ ಮೇಲೆ ಹಾಲೆಂಡಿನಿಂದ ತರಿಸಿದ ಬಣ್ಣದ ಹೆಂಚಿನ ಚಿತ್ರಗಳೂ ಇದ್ದವು. ಹೊರಗಿನಿಂದ ನೋಡಲು ಬಲು ಚಂದ.

ಒಳಗೆ ಏನಿತ್ತು ಅಂತ ನಾನು ಹೇಳಬಲ್ಲೆ, ಯಾಕೆಂದರೆ ಕ್ಷಯದ ವಾರ್ಡು ಎಲ್ಲಿದ್ದರೂ ಕ್ಷಯದ ವಾರ್ಡೇ. ಬೆಳಗಿನ ಜಾವದ ಕೆಮ್ಮು, ಒಂದು ಮಂಚದಿಂದ ಶುರುವಾಗಿ ಸಾಲಾಗಿ ಹಬ್ಬುತ್ತೆ. ಕಫದ ಡಬ್ಬಿಗಳು, ಮುಚ್ಚಳ ಸರಿಯಾಗಿ ಹಾಕಿದ್ದಾರಾ ಅಂತ ಒಂದೊಂದನ್ನೂ ನೋಡಬೇಕು. ಮಧ್ಯಾಹ್ನ ಆರಾಮಾಗಿದ್ದವರಿಗೆ ಸಂಜೆ ಆಗುತ್ತಿದ್ದಂತೆ ಮೈ ಬಿಸಿ. ರಾತ್ರಿ ಬೆವರಿ ಬೆವರಿ ಹಾಸಿಗೆ ಒದ್ದೆ. ಒಮ್ಮೊಮ್ಮೆ ಇದ್ದಕ್ಕಿದ್ದಂತೆ ರಕ್ತ ಕಾರುತ್ತಾರೆ. ಆಗ ನರ್ಸ್ ಓಡಬೇಕು, ಹಿಂದೆ ಸರಿಯಲು ಆಗಲ್ಲ. ನನ್ನ ಕಾಲಕ್ಕೆ ಮಾತ್ರೆ ಇತ್ತು. ಅವರ ಕಾಲಕ್ಕೆ ಏನೂ ಇರಲಿಲ್ಲ. ವಿಶ್ರಾಂತಿ, ತಣ್ಣನೆ ಗಾಳಿ, ಹಾಲು, ಮೊಟ್ಟೆ. ಅದಕ್ಕೂ ಬಗ್ಗದಿದ್ದರೆ ಪಕ್ಕೆಲುಬು ಕತ್ತರಿಸಿ ಶ್ವಾಸಕೋಶವನ್ನು ಕುಗ್ಗಿಸುವ ಆಪರೇಷನ್.

ಬಿಳಿ ನರ್ಸ್‌ಗಳು ಕೆಲಸ ಬಿಡತೊಡಗಿದರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ರೋಗ ನಮಗೆ ಅಂಟಿದರೆ ಅನ್ನೋ ಹೆದರಿಕೆ ಎಂಥದು ಅಂತ ನನಗೆ ಗೊತ್ತು. ಅವರಿಗೆ ಹೋಗಲು ಬೇರೆ ಕಡೆ ಇತ್ತು, ಹೋದರು. 1929ರ ಹೊತ್ತಿಗೆ ಆಸ್ಪತ್ರೆ ನಡೆಯುವುದೇ ಕಷ್ಟ ಅನ್ನೋ ಸ್ಥಿತಿ. ಆಗ ನಗರದ ಆಡಳಿತ ದಕ್ಷಿಣದ ರಾಜ್ಯಗಳ ಕಡೆ ನೋಡಿತು.

ದಕ್ಷಿಣ ಅಂದರೆ ಜಾರ್ಜಿಯಾ, ಕೆರೊಲಿನಾ, ಅಲಬಾಮಾ ಕಡೆ. ಅಲ್ಲಿ ಕಪ್ಪು ಜನರಿಗೆ ಬಸ್ಸಿನಲ್ಲಿ ಸೀಟು ಬೇರೆ, ಶಾಲೆ ಬೇರೆ, ಕುಡಿಯುವ ನೀರಿನ ನಲ್ಲಿ ಬೇರೆ. ನಲ್ಲಿ ಬೇರೆ ಅಂದಾಗ ನಮ್ಮಲ್ಲಿ ಎಷ್ಟೋ ಜನರಿಗೆ ವಿವರಿಸಿ ಹೇಳಬೇಕಾಗಿಲ್ಲ, ಅಲ್ವಾ? 1910ರಿಂದ 1970ರ ತನಕ ಅಲ್ಲಿಂದ ಸುಮಾರು 60 ಲಕ್ಷ ಕಪ್ಪು ಜನ ಉತ್ತರದ ಮತ್ತು ಪಶ್ಚಿಮದ ಊರುಗಳಿಗೆ ಗುಳೆ ಎದ್ದು ಹೋದರು. ಆ ಪ್ರವಾಹದಲ್ಲೇ ನರ್ಸ್‌ಗಳೂ ಬಂದರು. ಸಂಬಳ ಕೊಡ್ತೀವಿ, ಇರಲು ಜಾಗ ಕೊಡ್ತೀವಿ, ಹಾರ್ಲೆಮ್ ಆಸ್ಪತ್ರೆಯ ನರ್ಸಿಂಗ್ ಶಾಲೆಯಲ್ಲಿ ಓದಿಸ್ತೀವಿ ಅಂತ ಆಸೆ ತೋರಿಸಿದ್ದರು. ಬಂದ ಮೇಲೆ ಗೊತ್ತಾಯಿತು, ನ್ಯೂಯಾರ್ಕಿನ ಸರ್ಕಾರಿ ಆಸ್ಪತ್ರೆಗಳಲ್ಲಿ ತಮ್ಮನ್ನು ಸೇರಿಸಿಕೊಳ್ಳುವವು ಬೆರಳೆಣಿಕೆಯಷ್ಟು, ಅದರಲ್ಲಿ ಒಂದು ಯಾರಿಗೂ ಬೇಡವಾದ ಸೀ ವ್ಯೂ.

ಮುಂದಿನ ಮೂವತ್ತು ವರ್ಷದಲ್ಲಿ ಮುನ್ನೂರರಷ್ಟು ಕಪ್ಪು ನರ್ಸ್‌ಗಳು ಅಲ್ಲಿ ದುಡಿದರು. ಕೆಲವರಿಗೆ ರೋಗ ಅಂಟಿತು. ತಮ್ಮ ವಾರ್ಡಿನಲ್ಲೇ ರೋಗಿಗಳಾಗಿ ಮಲಗಿದರು. ರೋಗಿಗಳು ಅವರಿಗೆ ಇಟ್ಟ ಹೆಸರು ಬ್ಲ್ಯಾಕ್ ಏಂಜಲ್ಸ್, ಕಪ್ಪು ದೇವತೆಯರು. ನನಗೆ ಈ ಹೆಸರು ಅಷ್ಟು ಹಿಡಿಸಲ್ಲ, ನಿಜ ಹೇಳಬೇಕೆಂದರೆ. ನಮಗೂ ಕೊರೋನಾ ಕಾಲದಲ್ಲಿ ದೇವರು ಅಂದರು, ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿದರು. ದೇವತೆ ಅಂದುಬಿಟ್ಟರೆ ಆಮೇಲೆ ಸಂಬಳ, ರಜೆ, ಮಾಸ್ಕ್ ಕೇಳುವ ಹಾಗಿಲ್ಲ ನೋಡಿ. ಆದರೆ ಸಾಯುತ್ತಾ ಮಲಗಿದ್ದವರು ಪ್ರೀತಿಯಿಂದ ಕರೆದ ಹೆಸರು. ಹಾಗಾಗಿ ಇರಲಿ.

1947ರಲ್ಲಿ ಡೆಟ್ರಾಯಿಟ್ ನಗರದಿಂದ ವರ್ಜೀನಿಯಾ ಆಲನ್ ಅನ್ನೋ ಹುಡುಗಿ ಅಲ್ಲಿಗೆ ಬಂದಳು. ಹದಿನಾರು ವರ್ಷ. ಅವಳ ಚಿಕ್ಕಮ್ಮ ಅಲ್ಲಿ ನರ್ಸ್ ಆಗಿದ್ದರು. ಹುಡುಗಿಯನ್ನು ಮಕ್ಕಳ ವಾರ್ಡಿಗೆ ಹಾಕಿದರು. ಅಪ್ಪ ಅಮ್ಮನಿಂದ ದೂರ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮಲಗಿರುವ ಮಕ್ಕಳು. ಅವರಿಗೆ ಊಟ ಮಾಡಿಸಬೇಕು, ಸ್ನಾನ ಮಾಡಿಸಬೇಕು, ಅಳುವಾಗ ಎತ್ತಿಕೊಳ್ಳಬೇಕು. ಅವಳೇ ಇನ್ನೂ ಮಗು.

ಈಗ ಮಾತ್ರೆಯ ವಿಷಯಕ್ಕೆ ಬರ್ತೀನಿ. ಐಸೋನಿಯಾಜಿಡ್ ಹೊಸ ವಸ್ತುವೇನಲ್ಲ. 1912ರಲ್ಲೇ ಪ್ರಾಗ್ ನಗರದಲ್ಲಿ ಇಬ್ಬರು ರಸಾಯನ ಶಾಸ್ತ್ರಜ್ಞರು ಅದನ್ನು ತಯಾರಿಸಿದ್ದರು. ಯಾತಕ್ಕೆ ಉಪಯೋಗ ಅಂತ ಯಾರಿಗೂ ಹೊಳೆಯಲಿಲ್ಲ. ನಲವತ್ತು ವರ್ಷ ಹಾಗೇ ಬಿದ್ದಿತ್ತು! ಅಷ್ಟರಲ್ಲಿ ಎಷ್ಟು ಕೋಟಿ ಜನ ಕೆಮ್ಮಿ ಕೆಮ್ಮಿ ಸತ್ತರೋ. ನಡುವೆ, 1943ರಲ್ಲಿ, ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್ ಸಿಕ್ಕಿತು. ಆದರೆ ಅದೊಂದನ್ನೇ ಕೊಟ್ಟರೆ ಕ್ರಿಮಿ ಸ್ವಲ್ಪ ದಿನದಲ್ಲೇ ಅದಕ್ಕೆ ಒಗ್ಗಿಕೊಂಡುಬಿಡುತ್ತಿತ್ತು. 1951ರಲ್ಲಿ ಸೀ ವ್ಯೂ ಆಸ್ಪತ್ರೆಯ ಡಾಕ್ಟರ್‌ಗಳಾದ ಎಡ್ವರ್ಡ್ ರಾಬಿಟ್ಸೆಕ್ ಮತ್ತು ಇರ್ವಿಂಗ್ ಸೆಲಿಕಾಫ್ ಹೊಸ ಮಾತ್ರೆಯನ್ನು ಪರೀಕ್ಷೆಗೆ ತಗೊಂಡರು. ಐಸೋನಿಯಾಜಿಡ್, ಅದರ ಜೊತೆಗೆ ಅದರದ್ದೇ ದಾಯಾದಿ ಐಪ್ರೋನಿಯಾಜಿಡ್. ಬೇರೆ ಯಾವುದಕ್ಕೂ ಬಗ್ಗದ, ಬದುಕುವ ಆಸೆ ಬಿಟ್ಟಿದ್ದ ರೋಗಿಗಳಿಗೆ ಕೊಟ್ಟರು.

ಪರೀಕ್ಷೆ ಅಂದರೆ ಡಾಕ್ಟರ್ ಬರೆದುಕೊಟ್ಟು ಹೋಗುವುದಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಬೇಕು. ನುಂಗಿದರಾ, ಕೆನ್ನೆಯ ಒಳಗೆ ಇಟ್ಟುಕೊಂಡು ಆಮೇಲೆ ಉಗಿದರಾ ನೋಡಬೇಕು. ಜ್ವರ ಎಷ್ಟು, ತೂಕ ಎಷ್ಟು, ಕಫ ಎಷ್ಟು, ಅದರ ಬಣ್ಣ ಏನು. ಕೈಕಾಲು ಜೋಮು ಹಿಡಿಯುತ್ತಾ? ಐಎನ್‌ಎಚ್ ತಗೊಂಡವರಿಗೆ ಒಮ್ಮೊಮ್ಮೆ ಪಾದ ಉರಿಯುತ್ತೆ, ಜೋಮು ಬರುತ್ತೆ. ಅದಕ್ಕೇ ನಾವು ಈಗ ಬಿ6 ವಿಟಮಿನ್ ಜೊತೆಗೆ ಕೊಡೋದು. ಇಂಥದನ್ನೆಲ್ಲ ಮೊದಲು ಗಮನಿಸುವುದು ರಾತ್ರಿ ಪಾಳಿಯಲ್ಲಿ ಟಾರ್ಚ್ ಹಿಡಿದು ಓಡಾಡುವವಳು. ಚಾರ್ಟಿನಲ್ಲಿ ಬರೆಯುವವಳೂ ಅವಳೇ. ಆ ಚಾರ್ಟುಗಳೇ ಇಲ್ಲದಿದ್ದರೆ ಔಷಧ ಕೆಲಸ ಮಾಡಿತು ಅಂತ ಯಾವ ಆಧಾರದ ಮೇಲೆ ಹೇಳುತ್ತಿದ್ದರು?

ಕೆಲವೇ ವಾರಗಳಲ್ಲಿ ಜ್ವರ ಇಳಿಯಿತು. ಎದ್ದು ಕೂರಲೂ ಆಗದವರಿಗೆ ವಿಪರೀತ ಹಸಿವು ಶುರುವಾಯಿತು. ತೂಕ ಏರಿತು. 1952ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿತ್ತು. ರೋಗಿಗಳು ವಾರ್ಡಿನಲ್ಲಿ ಕುಣಿಯುತ್ತಿರುವ ಫೋಟೋಗಳು ಪತ್ರಿಕೆಗಳಲ್ಲಿ ಬಂದವು. ಕುಣಿತದ ಹಿಂದೆ ಇನ್ನೊಂದು ಸೋಜಿಗ ಇತ್ತು. ಐಪ್ರೋನಿಯಾಜಿಡ್‌ಗೆ ಮನಸ್ಸಿನ ಮಂಕು ಓಡಿಸುವ ಗುಣವೂ ಇತ್ತು. ಅದೇ ಮುಂದೆ ಖಿನ್ನತೆಗೆ ಕೊಟ್ಟ ಮೊದಮೊದಲ ಔಷಧಗಳಲ್ಲಿ ಒಂದಾಯಿತು. ಆದರೂ, ಸಾವಿನ ಮಂಚದಿಂದ ಎದ್ದವನು ಕುಣಿಯಲು ಔಷಧದ ಗುಣವೇ ಬೇಕಾ?

ಡಾಕ್ಟರ್‌ಗಳಿಗೆ 1955ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು, ಅಮೆರಿಕದಲ್ಲಿ ವೈದ್ಯಕೀಯಕ್ಕೆ ಕೊಡುವ ದೊಡ್ಡ ಪ್ರಶಸ್ತಿ ಅದು. ಬರಬೇಕಾದದ್ದೇ. ನರ್ಸ್‌ಗಳ ಹೆಸರು ಎಲ್ಲೂ ಬರಲಿಲ್ಲ. ರೋಗಿಗಳು ವಾಸಿಯಾಗಿ ಮನೆಗೆ ಹೋದರು, ಮಂಚಗಳು ಖಾಲಿಯಾದವು, 1961ರಲ್ಲಿ ಅಲ್ಲಿ ಕ್ಷಯದ ಚಿಕಿತ್ಸೆಯೇ ನಿಂತಿತು. ನರ್ಸ್‌ಗಳು ವಾಸವಾಗಿದ್ದ ಕಟ್ಟಡ ಮುಂದೆ ವಯಸ್ಸಾದವರ ವಸತಿಯಾಯಿತು. ಹದಿನಾರಕ್ಕೆ ಬಂದಿದ್ದ ವರ್ಜೀನಿಯಾ ಆಲನ್, ವಯಸ್ಸಾದ ಮೇಲೆ, ಅದೇ ಕಟ್ಟಡಕ್ಕೆ ಬಂದು ಮನೆ ಮಾಡಿದರು.

ಆ ಮಾತ್ರೆ ನಮ್ಮ ಕಡೆಗೆ ಬರಲು ತಡವಾಗಲಿಲ್ಲ. ಅದು ಅಗ್ಗ, ಬಾಯಿಗೆ ಹಾಕಿ ನೀರು ಕುಡಿದರೆ ಮುಗಿಯಿತು. 1956ರಲ್ಲಿ ಮದ್ರಾಸಿನಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಅರ್ಧ ಜನರನ್ನು ಸ್ಯಾನಟೋರಿಯಂಗೆ ಸೇರಿಸಿದರು, ಇನ್ನರ್ಧ ಜನರಿಗೆ ಮನೆಯಲ್ಲೇ ಮಾತ್ರೆ. ಗುಡಿಸಲು, ಗಂಜಿ, ಒಂದೇ ಕೋಣೆಯಲ್ಲಿ ಎಂಟು ಜನ. ಆದರೂ ಮನೆಯಲ್ಲಿದ್ದವರು ಸ್ಯಾನಟೋರಿಯಂನಲ್ಲಿ ಇದ್ದವರಷ್ಟೇ ಚೆನ್ನಾಗಿ ವಾಸಿಯಾದರು! ಅಲ್ಲೂ ಹೇಳದೆ ಕೇಳದೆ ಮನೆಗೆ ಹೋಗಿ ಮಾತ್ರೆ ಎಣಿಸಿ, ಮೂತ್ರ ಪರೀಕ್ಷೆಗೆ ತಗೊಂಡು ಬರುವವರು ಇದ್ದರು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅಲ್ಲಿಯವರು ತುಮಕೂರು ಜಿಲ್ಲೆಯ ಹಳ್ಳಿಗಳನ್ನು ಸುತ್ತಿ, ಇಡೀ ದೇಶಕ್ಕೆ ಕ್ಷಯ ನಿಯಂತ್ರಣದ ದಾರಿ ಹಾಕಿದರು. ಸ್ಯಾನಟೋರಿಯಂ ಬೇಡ, ಊರಿನ ಆಸ್ಪತ್ರೆ ಸಾಕು, ಮನೆಗೆ ಹೋಗುವ ಒಬ್ಬರು ಇದ್ದರೆ ಸಾಕು ಅಂತ. ಅಂದರೆ ಸುತ್ತಿ ಬಳಸಿ ಜೆಸ್ಸಿ ಸ್ಲೀಟ್ ಮಾಡುತ್ತಿದ್ದ ಕೆಲಸಕ್ಕೇ ಬಂದು ನಿಂತೆವು.

ನಮ್ಮ ಪಕ್ಕದ ಮನೆ ಹುಡುಗಿಯೂ ನರ್ಸ್. ಮುಂದಿನ ತಿಂಗಳು ಇಂಗ್ಲೆಂಡಿಗೆ ಹೊರಟಿದ್ದಾಳೆ, ಸರ್ಕಾರಿ ಆಸ್ಪತ್ರೆಯ ಕೆಲಸಕ್ಕೆ. ನಮ್ಮ ದೇಶದಿಂದ ಅಲ್ಲಿಗೆ ಹೋಗಿ ನೆಲೆಸುವವರು ವೀಸಾಕ್ಕೆ ಕ್ಷಯ ಇಲ್ಲ ಅಂತ ಸರ್ಟಿಫಿಕೇಟ್ ಕೊಡಬೇಕು. ಮೊನ್ನೆ ಬೆಂಗಳೂರಿಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬಂದಳು. ಸಂಜೆ ನಮ್ಮ ಮನೆಗೆ ಬಂದು, "ಆಂಟಿ, ನನ್ನ ಎದೆ ಕ್ಲಿಯರ್ ಅಂತೆ" ಅಂತ ನಕ್ಕಳು. ಸೂಟ್‌ಕೇಸ್ ತೂಕ ನೋಡಲು ನಮ್ಮ ತಕ್ಕಡಿ ಬೇಕಿತ್ತು. ಎರಡು ಕೆಜಿ ಜಾಸ್ತಿ ಬಂತು. ಅವರಮ್ಮ ಹಾಕಿದ್ದ ಚಟ್ನಿಪುಡಿ ತೆಗೆಯೋದೋ, ಪುಸ್ತಕ ತೆಗೆಯೋದೋ ಅಂತ ಕೂತು ಯೋಚಿಸುತ್ತಿದ್ದಳು. ಆ ಹೊತ್ತಿನಲ್ಲಿ ಅವಳಿಗೆ ಜೆಸ್ಸಿಯ ಕಥೆ ಹೇಳಿದೆ. 41 ಮನೆ, 156 ಭೇಟಿ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಬಸ್ ಚಾರ್ಜ್ ಕೊಡ್ತಿದ್ರಂತಾ ಆಂಟಿ?"

ಮತ್ತೆ ಪುಸ್ತಕ ತೆಗೆದಳು, ಚಟ್ನಿಪುಡಿ ಒಳಗೇ ಉಳಿಯಿತು.

ನಮಸ್ಕಾರ.